ಗೋಡೆಗೆ ಅಂಟಿಸಿದ ಹಸಿರು ಬಳೆ

ಇತ್ತೀಚೆಗೆ ನನಗೊಂದು ಚಟ ಅಂಟಿಕೊಂಡಿದೆ. ಯಾರ ಮನೆಗೆ ಹೋದರೂ, ಯಾವ ಅಂಗಡಿಗೆ ಕಾಲಿಟ್ಟರೂ ಮೊದಲು ತಲೆ ಎತ್ತಿ ಮಾಳಿಗೆ ನೋಡುತ್ತೇನೆ. ಮನೆಯವರ ಮುಖ ನೋಡುವುದು ಆಮೇಲೆ. ತೊಲೆ ಎಷ್ಟಿವೆ, ಬಿರುಕು ಎಲ್ಲಿದೆ, ಬಾಗಿಲಿಗೆ ಎಷ್ಟು ಹೆಜ್ಜೆ ಎಂದು ಮನಸ್ಸಿನಲ್ಲೇ ಅಳೆದುಕೊಂಡ ಮೇಲೆಯೇ "ಎಲ್ಲಾ ಆರಾಮ ಏನ್ರಿ" ಎಂದು ಕೇಳಲು ಬಾಯಿ ಬರುತ್ತದೆ.

ಹೋದ ತಿಂಗಳು ಜಹೀರಾಬಾದಿನಲ್ಲಿ ಹೆಂಡತಿಯ ಕಡೆಯವರ ಮದುವೆಯಿತ್ತು. ಊಟದ ಪಂಕ್ತಿಯಲ್ಲಿ ಕುಳಿತು ನಾನು ಮೇಲೆಯೇ ನೋಡುತ್ತಿದ್ದುದನ್ನು ಕಂಡು ಬೀಗರೊಬ್ಬರು ಗಾಬರಿಯಾದರು. "ಪಂಖಾ ತಿರಗವಲ್ದೇನ್ರಿ ಸರ್?" ಎಂದವರು ಉತ್ತರಕ್ಕೂ ಕಾಯದೆ ಮೂಲೆಯಲ್ಲಿದ್ದ ದೊಡ್ಡ ಕೂಲರನ್ನು ಎಳೆಸಿ ತಂದು ನನ್ನ ಪಕ್ಕಕ್ಕೇ ನಿಲ್ಲಿಸಿದರು. ಅದರ ಗಾಳಿಗೆ ನನ್ನ ಎಲೆಯ ಹಪ್ಪಳ ಹಾರಿ ಎದುರು ಸಾಲಿನ ಹಿರಿಯರೊಬ್ಬರ ಎಲೆಗೆ ಬಿತ್ತು. ಅವರು ಅದನ್ನು ಸಾರಿಗೆ ಅದ್ದಿಕೊಂಡು ತಿಂದರು. ಕ್ಷೌರದ ಅಂಗಡಿಯಲ್ಲಂತೂ ಹುಸೇನಣ್ಣ ಖಡಾಖಂಡಿತ ಹೇಳಿಬಿಟ್ಟಿದ್ದಾನೆ: "ಗೋಣು ಜರಾ ಕೆಳಗ ಇಡ್ರಿ ಸರ್. ಕತ್ತರಿ ನಂದು, ಕಿವಿ ನಿಮ್ಮದು." ನಾರಾಯಣಖೇಡದಿಂದ ಮನೂರ್ ಕಡೆಗೆ ಹೋಗುವ ಶೇರ್ ಆಟೋದಲ್ಲಿ ಕುಳಿತು ಒಮ್ಮೆ ಅದರ ರೆಕ್ಸಿನ್ ಚಾವಣಿಯನ್ನೇ ನೋಡುತ್ತಿದ್ದೆ. ಪಕ್ಕದವರೂ ನೋಡಿದರು. ಎದುರಿನವರೂ ನೋಡಿದರು. ಕೊನೆಗೆ ಡ್ರೈವರ್ ಗಾಡಿ ನಿಲ್ಲಿಸಿ ಇಳಿದು ಬಂದು, "ಏನದ ಮ್ಯಾಲ? ಹಾವೇನು?" ಎಂದ.

ಇನ್ನು ಮುಚ್ಚಿಡುವುದೇಕೆ. ಶ್ರಾವಣದ ಒಂದು ಭಾನುವಾರ ನಾನು ಪಾಠ ಮಾಡುತ್ತಿದ್ದ ಕೋಣೆಯ ಮಾಳಿಗೆ ಬಿತ್ತು. ಬೀಳುವಾಗ ಅದರ ಕೆಳಗೆ ನಾವಿರಲಿಲ್ಲ. ಒಟ್ಟು ಇಪ್ಪತ್ತಾರು ಮಂದಿ, ಯಾರಿಗೂ ಒಂದು ತರಚು ಗಾಯವಿಲ್ಲ. ಇದನ್ನು ಮೊದಲೇ ಹೇಳಿದ್ದು ನೀವು ನೆಮ್ಮದಿಯಿಂದ ಓದಲೆಂದು. ನನಗೆ ಆ ನೆಮ್ಮದಿ ಮುಕ್ಕಾಲು ಪಾಲು ಬಂದಿದೆ. ಉಳಿದ ಕಾಲು ಪಾಲು ಬರದಿರುವುದಕ್ಕೆ ಕಾರಣ, ಆ ದಿನ ನಾನು ವ್ಯರ್ಥ ಮಾಡಿದ ಎರಡು ನಿಮಿಷ. ಹಲ್ಲುಜ್ಜುವಾಗ, ಬಸ್ಸಿಗೆ ಕಾಯುವಾಗ, ಪೇಪರ್ ತಿದ್ದುವಾಗ ಆ ಎರಡು ನಿಮಿಷ ಬಂದು ಎದುರಿಗೆ ನಿಲ್ಲುತ್ತವೆ.

ನಾನು ಇತಿಹಾಸದ ಮಾಸ್ತರ. ತೆಲಂಗಾಣದ ಗಡಿಯ ಜಹೀರಾಬಾದಿನಲ್ಲಿ ಬಾಡಿಗೆ ಮನೆ, ನಾರಾಯಣಖೇಡದಲ್ಲಿ ಕಾಲೇಜು. ಭಾನುವಾರ ಮಾತ್ರ ಮನೂರ್ ಕಡೆಯ ಒಂದು ಹಳ್ಳಿಯಲ್ಲಿ, ದುಡಿಯುತ್ತಲೇ ಡಿಗ್ರಿ ಓದುವವರಿಗೆ ಪಾಠ. ಅಲ್ಲಿಯ ವಿದ್ಯಾರ್ಥಿಗಳೆಂದರೆ ಅಂಗನವಾಡಿ ಟೀಚರುಗಳು, ತೊಗರಿ ಬೆಳೆಯುವವರು, ಪಂಚಾಯಿತಿಯ ನೀರು ಬಿಡುವವರು, ಇಬ್ಬರು ಅಜ್ಜಿಯರು, ಮತ್ತು ಬಸ್ ಕಂಡಕ್ಟರ್ ಸಂಗಪ್ಪ. ಪುಸ್ತಕ ತೆಲುಗಿನಲ್ಲಿ, ಪಾಠ ಕನ್ನಡದಲ್ಲಿ, ಜಗಳ ದಖನಿ ಉರ್ದುವಿನಲ್ಲಿ. ಊರಿನ ಹೆಸರು ಹೇಳುವುದಿಲ್ಲ. ಆ ಊರಿನವರ ಮುಂದೆ ನಾನು ಈಗಾಗಲೇ ಸಾಕಷ್ಟು ಸಣ್ಣವನಾಗಿದ್ದೇನೆ.

ಆ ದಿನದ ಪಾಠ ರೋಮ್ ಬಿದ್ದ ಮೇಲೆ ಏನಾಯಿತು ಎಂಬುದು. ಇದು ನನ್ನ ಪ್ರೀತಿಯ ಪಾಠ. ಆ ಪ್ರೀತಿಗೆ ಒಂದು ಚರಿತ್ರೆಯಿದೆ. ನಾನು ಹುಟ್ಟಿ ಬೆಳೆದದ್ದು ಬಶೀರಾಬಾದ್ ಹತ್ತಿರ. ಆರನೇ ತರಗತಿಯ ಪುಸ್ತಕದಲ್ಲಿ ಕಮಾನುಗಳ ಸಾಲಿನ ಮೇಲೆ ನೀರು ಹರಿದು ಬರುವ ಚಿತ್ರವಿತ್ತು. ರೋಮನ್ನರಿಗೆ ಸಿಮೆಂಟಿನಂಥ ಗಾರೆ ಮಾಡಲು ಬರುತ್ತಿತ್ತು ಎಂದು ಮಾಸ್ತರರು ಹೇಳಿದರು. ನನಗೆ ಗೊತ್ತಿದ್ದ ಸಿಮೆಂಟ್ ಒಂದೇ, ಕರಣಕೋಟದ ಕಾರ್ಖಾನೆಯದು. ತಾಂಡೂರಿಗೆ ಹೋಗುವಾಗ ಅದರ ಚಿಮಣಿ ಕಾಣಲೆಂದು ಕಿಟಕಿ ಪಕ್ಕದ ಸೀಟಿಗೆ ತಂಗಿಯೊಡನೆ ಹೊಡೆದಾಡುತ್ತಿದ್ದೆ. ಹಾಗಾಗಿ ರೋಮನ್ನರು ಗಾಡಿ ಕಟ್ಟಿಕೊಂಡು ಕರಣಕೋಟಕ್ಕೆ ಬಂದು ಚೀಲ ಹೇರಿಕೊಂಡು ಹೋಗುತ್ತಿದ್ದರೆಂದು ಪರೀಕ್ಷೆಯಲ್ಲಿ ಬರೆದೆ. ಮಾಸ್ತರರು ಆ ಉತ್ತರವನ್ನು ಮೂರು ತರಗತಿಗಳಲ್ಲಿ ಓದಿ ಹೇಳಿದರು. ಅಂದಿನಿಂದ ರೋಮ್ ನನ್ನ ಸ್ವಂತದ್ದು.

ಮುತ್ಯಾನ ಮಾತೂ ಇಲ್ಲೇ ಹೇಳಬೇಕು. ನಮ್ಮ ಕಡೆ ಅಜ್ಜನಿಗೆ ಮುತ್ಯಾ ಎನ್ನುತ್ತಾರೆ. ನಮ್ಮ ಮನೆಯ ನೆಲ, ಮಾಳಿಗೆ, ಬಚ್ಚಲು, ನೀರಿನ ಹೌದಿನ ಮುಚ್ಚಳ, ಎಲ್ಲವೂ ತಾಂಡೂರಿನ ಚಪ್ಪಟೆ ಫರ್ಸಿ ಕಲ್ಲು. ಬೇಸಿಗೆಯಲ್ಲಿ ಬರಿ ಮೈಯಲ್ಲಿ ಅದರ ಮೇಲೆ ಮಲಗಿದರೆ ಎದ್ದಾಗ ಬೆನ್ನಿನ ಮೇಲೆ ಕಲ್ಲಿನ ಸಂದಿನ ಗೆರೆ ಮೂಡಿರುತ್ತಿತ್ತು. ಮಳೆಗಾಲಕ್ಕೆ ಮುಂಚೆ ಮುತ್ಯಾ ಒಂದು ಉದ್ದ ಕೋಲು ಹಿಡಿದು ಮಾಳಿಗೆಯ ಒಂದೊಂದೇ ಫರ್ಸಿಯನ್ನು ಕೆಳಗಿನಿಂದ ತಟ್ಟಿ, ಕಿವಿಗೊಟ್ಟು ಕೇಳಿ, "ಹೂಂ" ಎನ್ನುತ್ತಿದ್ದ. ಒಂದು ಕಲ್ಲಿಗೆ ಮಾತ್ರ "ಹೂಂ" ಎನ್ನದಿದ್ದರೆ ಅದರ ಕೆಳಗೆ ಯಾರೂ ಹಾಸಿಗೆ ಹಾಸುವಂತಿರಲಿಲ್ಲ. ಕಾಲೇಜು ಸೇರಿದ ಮೇಲೆ ನಾನದನ್ನು ಮುದುಕರ ಆಟವೆಂದು ನಗುತ್ತಿದ್ದೆ. ಮುತ್ಯಾ ನವಾಬನ ಕಾಲದಲ್ಲಿ ಹುಟ್ಟಿ, ಹೈದರಾಬಾದ್ ರಾಜ್ಯ ನೋಡಿ, ಆಂಧ್ರ ನೋಡಿ, ತೆಲಂಗಾಣವೂ ಬಂದ ಮೇಲೆ ಕಣ್ಣು ಮುಚ್ಚಿದ. ತನ್ನ ಮಂಚವನ್ನು ಒಂದು ಗೇಣೂ ಸರಿಸದೆ ನಾಲ್ಕು ಸರಕಾರ ಕಂಡವನು. ನವಾಬನ ರಾಜ್ಯ ಹೋದ ದಿನ ಹೇಗಿತ್ತು ಎಂದು ನಾನು ನೋಟ್‌ಬುಕ್ ಹಿಡಿದು ಕೇಳಿದರೆ, "ಅವತ್ತ ಎಮ್ಮಿ ಈದಿತ್ತು" ಎಂದಿದ್ದ. ನಾನು ಅದನ್ನು ಬರೆದುಕೊಳ್ಳಲಿಲ್ಲ.

ಸರಿ, ತರಗತಿಗೆ ಬರೋಣ. ರೋಮ್ ಬೀಳಿಸುವಾಗ ನಾನು ಮೇಜು ಗುದ್ದುತ್ತೇನೆ. ಅಂದೂ ಗುದ್ದಿದೆ. ಸಂಗಪ್ಪ ಕೈ ಎತ್ತಿದ.

"ಸರ್, ಮರುದಿನ ಮುಂಜಾನಿ ಬಸ್ ಬಂದಿತ್ತೇನ್ರಿ?"

"ಎಲ್ಲೀ ಬಸ್ಸೋ ಸಂಗಪ್ಪ?"

"ಅಲ್ರಿ, ರೋಮ್ ಬಿತ್ತು ಅಂತೀರಿ. ಬಿದ್ದ ಮರುದಿನ ಮಂದಿ ಸಂತಿಗಿ ಹೋಗಬೇಕಲ್ರಿ. ಗಾಡಿ ಬಿಟ್ಟಿದ್ರೋ ಇಲ್ಲೋ? ಟಿಕೀಟ್ ಯಾರು ಹರದ್ರು?"

ತರಗತಿ ನಕ್ಕಿತು. ನನಗೆ ಸಿಟ್ಟು ಬಂತು. ಇಪ್ಪತ್ತು ವರ್ಷದಲ್ಲಿ ನನಗೆ ಯಾರೂ ಕೇಳಿರದಷ್ಟು ಒಳ್ಳೆಯ ಪ್ರಶ್ನೆ ಅದು ಎಂದು ಈಗ ಅನಿಸುತ್ತದೆ. ಅಂದು ಬೇಕೋ ಬೇಡವೋ ಎಂಬಂತೆ ಉತ್ತರ ಕೊಟ್ಟೆ. ಇಟಲಿಯಲ್ಲಿ ಗೋಥರೆಂಬ ಹೊರಗಿನ ಬುಡಕಟ್ಟಿನ ದೊರೆ ಬಂದು ಕುಳಿತ, ಆದರೆ ಕಾಗದ ಬರೆಯುವ ಗುಮಾಸ್ತರು ಹಳಬರೇ. ನಮ್ಮಲ್ಲಿ ನವಾಬ ಹೋದರೂ ತಹಶೀಲು, ದರಖಾಸ್ತು, ಪಂಚನಾಮೆ ಉಳಿದ ಹಾಗೆ. ಹೊಸಬರಿಗೆ ಹೊಸಬರ ಕಾನೂನು, ಹಳಬರಿಗೆ ಹಳೆಯ ಕಾನೂನು, ಎರಡೂ ಒಂದೇ ಊರಿನಲ್ಲಿ. ಗಾಲ್ ದೇಶಕ್ಕೆ ಫ್ರಾಂಕರೆಂಬ ಇನ್ನೊಂದು ಬುಡಕಟ್ಟು ಬಂತು. ಪೇಟೆಯ ಗೋಡೆ ಕಟ್ಟಿಸುವುದು, ಕಾಳು ಹಂಚುವುದು ಇಂಥ ಕೆಲಸ ಪಾದ್ರಿಗಳ ಹೆಗಲಿಗೆ ಬಿತ್ತು. ಲ್ಯಾಟಿನ್ ಮಾತಾಡುವವರು ತಮಗೆ ಬಂದ ಹಾಗೆ ಮಾತಾಡುತ್ತ ಹೋಗಿ, ಎಷ್ಟೋ ತಲೆಮಾರಿನ ಮೇಲೆ ಅದು ಬೇರೆ ಬೇರೆ ಭಾಷೆಯಾಯಿತು. ಸಾಮ್ರಾಟನೊಬ್ಬ ಕೊನೆಗಾಲಕ್ಕೆಂದು ಸಮುದ್ರದ ದಡದಲ್ಲಿ ಕಟ್ಟಿಸಿಕೊಂಡ ಅರಮನೆಯೊಳಗೆ ಮುಂದೆ ಊರವರೇ ಹೋಗಿ ಸೇರಿಕೊಂಡು, ಕಂಬ ಕಂಬದ ನಡುವೆ ಗೋಡೆ ಎಬ್ಬಿಸಿ ಒಲೆ ಹೂಡಿದರು.

"ಅಂದ್ರ ನಮ್ಮ ಈ ಗಢೀ ಹಂಗ," ಎಂದಳು ಮುಂದಿನ ಸಾಲಿನ ಅಂಗನವಾಡಿ ಟೀಚರ್.

ಹೌದು, ನಮ್ಮ ತರಗತಿ ನಡೆಯುತ್ತಿದ್ದುದು ಒಂದು ಹಳೆಯ ಗಢಿಯಲ್ಲಿ. ಹಿಂದೆ ಊರಾಳುತ್ತಿದ್ದ ಮನೆತನದ ಕೋಟೆಯಂಥ ಮನೆ ಅದು. ಮನೆತನದವರು ಶಹರಕ್ಕೆ ಹೋದ ಮೇಲೆ ಊರವರು ಬಿದ್ದ ಕಲ್ಲುಗಳನ್ನು ಹೊತ್ತುಕೊಂಡು ಹೋದರು. ಯಾರ ಮನೆಗೆ ಹೊಸ್ತಿಲಾಯಿತೋ, ಯಾರ ದನಕ್ಕೆ ಮೇವು ಹಾಕುವ ಗ್ವಾದಲಿಯಾಯಿತೋ. ಉಳಿದ ಒಂದು ಹಜಾರದಲ್ಲಿ ಗ್ರಂಥಾಲಯ, ಭಾನುವಾರದ ತರಗತಿ. ಹಜಾರದ ನಡುವೆ ಒಂದು ಅಗಲವಾದ ಕಮಾನು. ಎಂದೋ ಒಮ್ಮೆ ಆ ಕಮಾನು ಬಿರುಕು ಬಿಟ್ಟಾಗ ಊರಿನಲ್ಲಿ ಗೋಡೆ ಕಟ್ಟುವ ಗೌಂಡಿ ಶಿವರಾಯ, ಕಮಾನಿನ ಕೆಳಗೆ ಗೋಡೆ ಏರಿಸದಿದ್ದರೆ ಮಾಳಿಗೆ ನಿಲ್ಲುವುದಿಲ್ಲ ಎಂದನಂತೆ. ಕಲ್ಲಿರಲಿಲ್ಲ. ಮನೆ ಮನೆಗೆ ಹೋಗಿ ಒಂದೊಂದು ಕಲ್ಲು ಬೇಡಿದ. ಜನ ಹಿಂದೆ ಒಯ್ದಿದ್ದನ್ನೇ ತಂದು ಕೊಟ್ಟರು. ಹಾಗೆ ಎದ್ದ ಗೋಡೆಯಲ್ಲಿ ಕಮಲ ಕೆತ್ತಿದ ಹೊಸ್ತಿಲಿನ ತುಂಡು, ಅರ್ಧ ಗ್ವಾದಲಿ, ಮಸಾಲೆ ಅರೆಯುವ ಕಲ್ಲು, ಮತ್ತು ತಲೆಕೆಳಗಾಗಿ ಕೂತ ಒಂದು ಪಾರಸಿ ಶಾಸನ. ನಡುವೆ ಒಬ್ಬರು ಮಾತ್ರ ನುಸುಳುವಷ್ಟು ಬಾಗಿಲು. ನಮ್ಮ ಪಾಠ ಗೋಡೆಯಾಚೆಯ ಒಳಕೋಣೆಯಲ್ಲಿ.

ಆ ಗೋಡೆ ಕಂಡರೆ ನನಗೆ ಮೈ ಉರಿಯುತ್ತಿತ್ತು. ತಲೆಕೆಳಗಾದ ಶಾಸನ ಓದಲು ಕತ್ತು ತಿರುಚಿ ತಿರುಚಿ ನೋವು ಬಂದಿದ್ದೇ ಲಾಭ. ಕೊನೆಗೆ ನಾರಾಯಣಖೇಡದ ಕಚೇರಿಗೆ ಮೂರು ಪುಟದ ಅರ್ಜಿ ಬರೆದೆ. 'ಶಿವರಾಯ ಎಂಬ ಗೌಂಡಿಯು ಯಾವ ತಿಳಿವಳಿಕೆಯೂ ಇಲ್ಲದೆ ಎಬ್ಬಿಸಿದ ಈ ಅನಾಗರಿಕ ಗೋಡೆಯಿಂದ ಕಟ್ಟಡದ ಅಂದಕ್ಕೂ ಬಲಕ್ಕೂ ಹಾನಿಯಾಗಿದೆ. ಅದನ್ನು ಕೆಡವಿ ಮೂಲ ಕಮಾನನ್ನು ತೆರೆಯಬೇಕು.' ಗೋಥರನ್ನು ಬೈಯಲು ಇಟ್ಟುಕೊಂಡಿದ್ದ ಮಾತುಗಳನ್ನೆಲ್ಲ ಶಿವರಾಯನ ಮೇಲೆ ಖರ್ಚು ಮಾಡಿದೆ. ಶಿವರಾಯ ಆಗಲೇ ತೀರಿಕೊಂಡು ವರ್ಷಗಳಾಗಿದ್ದವು. ಅವನ ಹೆಂಡತಿ ಅಂಬವ್ವ ಅದೇ ಗಢಿಯಲ್ಲಿ ಕಸ ಹೊಡೆದು, ಬಾಗಿಲು ತೆರೆದು, ನಮಗೆ ಚಹಾ ಕೊಡುತ್ತಿದ್ದಳು. ಅರ್ಜಿ ಬರೆದ ದಿನವೂ ಚಹಾ ಕೊಟ್ಟಳು.

ಇನ್ನೊಂದು ಮಾತು. ಕಮಾನಿನ ಬಿರುಕಿಗೆ ಅಡ್ಡವಾಗಿ, ಎರಡು ಕಡೆ ಸುಣ್ಣದ ಉಂಡೆ ಮೆತ್ತಿ, ಅರ್ಧ ಹಸಿರು ಗಾಜಿನ ಬಳೆಯೊಂದನ್ನು ಅಂಟಿಸಿದ್ದರು. ಅದರ ಮೇಲೆ ಅರಿಸಿನ ಕುಂಕುಮ. ಹೋಗಿ ಬರುವ ಹೆಂಗಸರು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದರು. ಒಮ್ಮೆ ಯಾರೋ ಸಾಹೇಬರು ಬರುವವರಿದ್ದಾಗ ನಾನು ಸ್ಕೇಲಿನ ಅಂಚಿನಿಂದ ಅದನ್ನು ಕೆರೆದು ತೆಗೆದೆ. ಅಂಬವ್ವ ಪೊರಕೆ ಹಿಡಿದು ನಿಂತಳು.

"ಯಾಕ ತಗದ್ರಿ ಸರ್ ಅದನ್ನ?"

"ಅಂಬವ್ವಾ, ಇದು ಪುಸ್ತಕ ಓದೋ ಜಾಗ. ಗ್ವಾಡಿಗಿ ಕುಂಕುಮ ಹಚ್ಚಿ ಕೈ ಮುಗಿಯೋದು ಚಂದ ಕಾಣ್ತದೇನು?"

"ಕುಂಕುಮ ನಾ ಹಚ್ಚಿಲ್ರಿ. ಮಂದಿ ಹಚ್ಯಾರ."

"ಬಳಿ?"

"ಬಳಿ ನಂದು. ಗ್ವಾಡಿ ಏನಾರ ಹೇಳೋದಿದ್ರ ಅದರ ಕಡೀಂದ ಹೇಳ್ತದ್ರಿ. ನಮ್ಮ ಮನೀ ಅವರು ಹಂಗ ಹೇಳಿ ಹೋಗ್ಯಾರ."

ಗೋಡೆ ಮಾತಾಡುತ್ತದೆ ಎಂಬ ನಂಬಿಕೆ ಈ ಭಾಗದಲ್ಲಿ ಇನ್ನೂ ಜೀವಂತವಾಗಿದೆ ಎಂದು ನಾನು ಡೈರಿಯಲ್ಲಿ ಗುರುತು ಹಾಕಿಕೊಂಡೆ. ಮುಂದೆಂದಾದರೂ ಲೇಖನಕ್ಕೆ ಬಂದೀತು ಎಂದು. ಬಂತು ನೋಡಿ, ಹೀಗೆ. ಮುಂದಿನ ಭಾನುವಾರ ಹೋದಾಗ ಹೊಸ ಸುಣ್ಣದಲ್ಲಿ ಮತ್ತೊಂದು ಹಸಿರು ಅರ್ಧ ಬಳೆ ಅದೇ ಜಾಗದಲ್ಲಿ ಕೂತಿತ್ತು. ಹಟಮಾರಿ ಮುದುಕಿ ಎಂದುಕೊಂಡು ಸುಮ್ಮನಾದೆ. ಸಾಹೇಬರು ಬರಲೇ ಇಲ್ಲ.

ಆ ಭಾನುವಾರಕ್ಕೆ ಮುಂಚೆ ಮೂರು ದಿನ ಜಿಟಿಜಿಟಿ ಮಳೆ. ಹಳೆಯ ಮಣ್ಣಿನ ಮಾಳಿಗೆ ನೀರು ಕುಡಿದು ಭಾರವಾಗಿತ್ತು. ಇದು ನನಗೆ ಈಗ ಗೊತ್ತು. ಅಂದು ನನ್ನ ಗಮನವೆಲ್ಲ ಬ್ರಿಟನ್ನಿನ ಮೇಲಿತ್ತು. ಅಲ್ಲಿ ಸುಣ್ಣದ ಗಾರೆಯ ಕೆಲಸ ಮರೆತುಹೋಯಿತು, ಬಹಳ ಕಡೆ ಕುಂಬಾರರ ತಿಗರಿಯೂ ನಿಂತಿತು ಎಂದು ಹೇಳಿ, ದನಿ ತಗ್ಗಿಸಿ, "ಕಟ್ಟುವ ಕೈ ಹೋದವು, ವಿದ್ಯೆ ಸತ್ತಿತು, ಕತ್ತಲೆ ಕವಿಯಿತು" ಎಂದು ಮೇಜಿನ ಮೇಲೆ ಕೈ ಊರಿದೆ. ಆಗ ಅಂಬವ್ವ ಆ ಸಣ್ಣ ಬಾಗಿಲಲ್ಲಿ ಕಾಣಿಸಿಕೊಂಡಳು.

"ಸರ್, ಬಳಿ ಒಡದದ. ಎಲ್ಲಾರು ಹೊರಗ ಬರ್ರಿ."

"ಪಾಠ ನಡದದ ಅಂಬವ್ವಾ."

"ಪಾಠ ಅಂಗಳದಾಗ ಮಾಡ್ರಿ. ಬಳಿ ಒಡದದ್ರಿ."

"ಬಳಿ ಒಡದ್ರ ಏನಾತು? ಇನ್ನೊಂದು ಹಚ್ಚಿದ್ರಾತು."

ಅಷ್ಟಕ್ಕೇ ಬಿಟ್ಟಿದ್ದರೆ ಅರ್ಧ ನಿಮಿಷದ ತಪ್ಪು ಎನ್ನಬಹುದಿತ್ತು. ನಾನು ಬಿಡಲಿಲ್ಲ. ತರಗತಿಯ ಕಡೆ ತಿರುಗಿ, ನೋಡಿದಿರಾ, ತಿಳಿವಳಿಕೆ ಹೋದ ಮೇಲೆ ಸಮಾಜದಲ್ಲಿ ಉಳಿಯುವುದು ಇಂಥ ಶಕುನಗಳೇ, ರೋಮ್ ಬಿದ್ದ ಮೇಲೂ ಹೀಗೆಯೇ ಆಯಿತು, ಎಂದು ಅಂಬವ್ವನನ್ನೇ ಉದಾಹರಣೆಯಾಗಿ ನಿಲ್ಲಿಸಿಕೊಂಡು ವಿವರಿಸತೊಡಗಿದೆ. ಅವಳು ಬಾಗಿಲಲ್ಲಿ ನಿಂತು ನನ್ನ ಮಾತು ಕೇಳುತ್ತಿರಲಿಲ್ಲ, ಮೇಲೆ ನೋಡುತ್ತಿದ್ದಳು. ಆ ನೋಟವೇ ಇಂದು ನನಗೆ ಅಂಟಿದ ಚಟ.

ಎರಡು ನಿಮಿಷವಾದ ಮೇಲೆ ಅವಳು ನನ್ನನ್ನು ಬಿಟ್ಟಳು.

"ಸಂಗಣ್ಣಾ, ನಿನಗ ಬಸ್ ಖಾಲಿ ಮಾಡಸಾಕ ಬರ್ತದಲ್ಲ. ಮಾಡಸು."

ಸಂಗಪ್ಪ ಎದ್ದ. ಅವನಿಗೆ ಬಳೆಯ ಅರ್ಥ ಗೊತ್ತಿರಲಿಲ್ಲ, ಆದರೆ ಅಂಬವ್ವನ ದನಿಯ ಅರ್ಥ ಗೊತ್ತಿತ್ತು. "ಲಾಸ್ಟ್ ಸ್ಟಾಪ್," ಎಂದು ಅಂಗೈಯಿಂದ ಬೆಂಚು ತಟ್ಟಿದ. "ಎಲ್ಲಾರು ಇಳೀರಿ. ಸಾಮಾನು ಆಮ್ಯಾಲ. ಅಜ್ಜಿ ಪೈಲಾ, ಉಳದವ್ರು ಹಿಂದ. ಒಬ್ಬೊಬ್ಬರೇ, ನೂಕಬ್ಯಾಡ್ರಿ. ಕಾಲ ಕೆಳಗ ನೋಡ್ಕೋತ." ಒಬ್ಬರು ನುಸುಳುವಷ್ಟೇ ಬಾಗಿಲು. ಇಪ್ಪತ್ನಾಲ್ಕು ಮಂದಿ. ನಾನು ಮೇಜಿನ ಹಿಂದೆ ನಿಂತು, "ನನ್ನ ಅಪ್ಪಣೆ ಇಲ್ಲದೆ" ಎಂದು ಶುರುಮಾಡಿದೆ. ಆಗ ಮೂಲೆಯಲ್ಲಿ ಅಕ್ಕಿ ಸುರಿದಂಥ ಸಣ್ಣ ಸದ್ದು. ಮೇಜಿನ ಮೇಲೆ ತೆರೆದಿಟ್ಟ ಪುಸ್ತಕದ ಮೇಲೆ ಮಣ್ಣು ಬೀಳುತ್ತಿತ್ತು. ಸರಿಯಾಗಿ ಬ್ರಿಟನ್ ಮೇಲೆ.

ಹೊರಗೆ ಹೋಗಬೇಕು ಎಂದು ಕಾಲಿಗೆ ತಿಳಿಯಿತು. ಬಾಗಿಲವರೆಗೂ ಬಂದವನು ಹಾಜರಿ ಪುಸ್ತಕ ಬಿಟ್ಟೆನೆಂದು ಹಿಂದಿರುಗಿ, ಮೇಜಿನಿಂದ ಅದನ್ನು ಬಾಚಿಕೊಂಡೆ. ಯಾಕೆ ಎಂದು ಕೇಳಬೇಡಿ. ಇಪ್ಪತ್ತು ವರ್ಷ ಮಾಸ್ತರಿಕೆ ಮಾಡಿದವನ ಕೈಗೆ ಅದೊಂದೇ ಗೊತ್ತು. ಅಂಬವ್ವ ಹಿಂದೆಯೇ ಬಂದು ನನ್ನ ಅಂಗಿಯ ಕೊರಳಪಟ್ಟಿ ಹಿಡಿದು, ಕರು ಎಳೆದಂತೆ ಎಳೆದಳು. ನಾನು ಬಾಗಿಲು ದಾಟಿ ಬಿದ್ದೆ. ಬೆನ್ನ ಹಿಂದೆ ಒಳಕೋಣೆಯ ಮಾಳಿಗೆ ಬಿತ್ತು. ದೊಡ್ಡ ಸದ್ದಾಗಲಿಲ್ಲ. ಭಾರವಾದ ಏನೋ ಕುಳಿತುಕೊಂಡಂಥ ಸದ್ದು, ಆಮೇಲೆ ಬಾಗಿಲಿನಿಂದ ಧೂಳು. ಕಮಾನು ಒಮ್ಮೆ ನರಳಿತು. ಅದರ ಕೆಳಗಿನ ಗೋಡೆ, ಹೊಸ್ತಿಲು, ಗ್ವಾದಲಿ, ಅರೆಯುವ ಕಲ್ಲು, ತಲೆಕೆಳಗಾದ ಪಾರಸಿ, ಯಾವುದೂ ಅಲುಗಲಿಲ್ಲ. ನಮ್ಮ ತಲೆಯ ಮೇಲಿದ್ದ ಮುಂದಿನ ಕೋಣೆಯ ಮಾಳಿಗೆ ಅಲ್ಲೇ ನಿಂತಿತು. ಅಷ್ಟು ಹೊತ್ತಿನಲ್ಲಿ ನಾವು ಅಂಗಳಕ್ಕೆ ಬಂದೆವು.

ಅಂಗಳದಲ್ಲಿ ಸಂಗಪ್ಪ ತಲೆ ಎಣಿಸಿದ. ಒಮ್ಮೆ ಎಣಿಸಿ ಇಪ್ಪತ್ತಾರು ಎಂದ. ಮತ್ತೆ ಎಣಿಸಿದ. ಮೂರನೇ ಸಲ ಎಣಿಸುವಾಗ ಹದಿನೆಂಟರಲ್ಲಿ ನಿಂತು, ಕುಕ್ಕರಗಾಲಲ್ಲಿ ಕುಳಿತ. ಅಜ್ಜಿಯೊಬ್ಬಳು ಅವನ ಬೆನ್ನು ಸವರಿ, "ಎಲ್ಲಾರು ಇಳದೀವಪಾ, ಪೂರಾ ಖಾಲಿ ಅದ" ಎಂದಳು. ಯಾರೋ ನಕ್ಕರು. ಆಮೇಲೆ ಎಲ್ಲರೂ ನಕ್ಕರು. ನಿಲ್ಲಿಸಲಾಗದ ಹಾಗೆ, ಕಣ್ಣಲ್ಲಿ ನೀರು ಬರುವ ಹಾಗೆ. ನಾನು ಎದೆಗೆ ಅವಚಿಕೊಂಡಿದ್ದ ಹಾಜರಿ ಪುಸ್ತಕ ನೋಡಿಕೊಂಡೆ. ಅದು ಡಸ್ಟರ್ ಆಗಿತ್ತು.

ಚಹಾ ಬಂತು. ಅಂಬವ್ವ ನನ್ನ ಪಕ್ಕ ಕಟ್ಟೆಯ ಮೇಲೆ ಕುಳಿತಳು. ಬಳೆಯ ಮಾತು ನಾನಾಗಿಯೇ ಕೇಳಿದೆ. ಅವಳು ಹೊಲದ ಮಾತಾಡುವಷ್ಟು ಸರಳವಾಗಿ ಹೇಳಿದಳು. ಬಿರುಕು ಬಿಟ್ಟ ಗೋಡೆ ನಿಂತಿದೆಯೋ ಜರುಗುತ್ತಿದೆಯೋ ಕಣ್ಣಿಗೆ ತಿಳಿಯುವುದಿಲ್ಲ. ಗಾಜು ಬಗ್ಗುವುದಿಲ್ಲ. ಬಿರುಕಿಗೆ ಅಡ್ಡ ಗಾಜು ಹಚ್ಚಿದರೆ, ಗೋಡೆ ಕೂದಲೆಳೆಯಷ್ಟು ಸರಿದರೂ ಅದು ಒಡೆಯುತ್ತದೆ. ಶಿವರಾಯ ಎಲ್ಲಿ ಹಳೆಯ ಮನೆಗೆ ಕೆಲಸ ಮಾಡಿದರೂ ಮೊದಲು ಹೆಂಡತಿಯ ಕೈ ನೋಡುತ್ತಿದ್ದನಂತೆ, ಒಡೆದ ಬಳೆ ಇದೆಯೇ ಎಂದು.

"ಸುಣ್ಣ ಕಲಸಿ ಕೊಟ್ಟಾಕಿ ನಾನೇ ಅಲ್ರಿ. ನೋಡಿ ನೋಡಿ ಬಂತು."

"ನಾನು ಕಿತ್ತ ಮೇಲೆ ಮತ್ತ ಹಚ್ಚಿದ್ರಲ್ಲ. ಅದು ಯಾವ ಬಳಿ?"

ಅವಳು ಚಹಾ ಊದಿ ಕುಡಿದಳು. "ಅವರು ಹೋದ ದಿನ ನನ್ನ ಕೈಯಾಗಿನವು ಒಡದಿದ್ರು. ಚೂರು ಒಂದು ಡಬ್ಬ್ಯಾಗ ಇಟ್ಟಿದ್ದೆ. ಮನ್ಯಾಗ ಇಟ್ಕೊಂಡು ಏನ್ ಮಾಡ್ಲಿ? ಇಲ್ಲಿ ಅವರ ಗ್ವಾಡಿ ಕಾಯಾಕ ಆತು."

ನಾನು ಕೈಯಲ್ಲಿದ್ದ ಡಸ್ಟರನ್ನು ಕಟ್ಟೆಯ ಮೇಲಿಟ್ಟೆ.

ಕತೆ ಇಲ್ಲಿಗೆ ಮುಗಿದಿದ್ದರೆ ನನ್ನ ಪಾಲಿನ ನಾಚಿಕೆ ಇಷ್ಟರಲ್ಲೇ ಮುಗಿಯುತ್ತಿತ್ತು. ಬುಧವಾರ ನಾರಾಯಣಖೇಡದಲ್ಲಿ ಸಂಗಪ್ಪ ಬಸ್ಸಿನ ಬಾಗಿಲಲ್ಲೇ ನನ್ನನ್ನು ಹಿಡಿದ. ಗಢಿ ಬಿದ್ದದ್ದು ಯಾಕೆಂದು ನೋಡಲು ಇಂಜಿನಿಯರ್ ಬರುತ್ತಾರಂತೆ. ಕಚೇರಿಯಲ್ಲಿ ಹಳೆಯ ಕಡತ ತೆಗೆದಾಗ ನನ್ನ ಅರ್ಜಿ ಸಿಕ್ಕಿದೆಯಂತೆ. ಗೌಂಡಿ ಶಿವರಾಯನ ಗೋಡೆಯಿಂದಲೇ ಮಾಳಿಗೆ ಬಿತ್ತು, ಓದಿದವರೇ ಮೊದಲೇ ಬರೆದಿದ್ದರು ಎಂದು ಊರಲ್ಲಿ ಮಾತು ಎದ್ದಿದೆಯಂತೆ. ಉಳಿದ ಗೋಡೆಯನ್ನೂ ಕೆಡವುತ್ತಾರಂತೆ.

"ಅಂಬವ್ವಗ ಗೊತ್ತಾ?"

"ಊರಿಗೆಲ್ಲ ಗೊತ್ತಾದ ಮ್ಯಾಲ ಆಕಿಗಿ ಗೊತ್ತಿರಲ್ಲೇನ್ರಿ ಸರ್? ಏನೂ ಅಂದಿಲ್ಲ. ಅದೇ ಕೆಟ್ಟದ್ದು."

ಮುಂದೆ ಸಿಕ್ಕ ಆಟೋ ಹತ್ತಿ ಹೋದೆ. ಅಂಬವ್ವ ಮನೆ ಮುಂದೆ ಹೆಸರುಕಾಳು ಕೇರುತ್ತಿದ್ದಳು. ಮೊರ ನಿಲ್ಲಿಸಲಿಲ್ಲ.

"ನೀವು ಬರದಿದ್ರಂತ," ಎಂದಳು. "ಗ್ವಾಡಿ ಕಟ್ಟಿದಾಂವಗ ತಿಳಿವಳಿಕಿ ಇರಲಿಲ್ಲ ಅಂತ."

"ಬರದಿದ್ದೆ. ತಿಳಿವಳಿಕಿ ಇರಲಿಲ್ಲ, ನನಗ."

"ಹಂಗಂತ ಬರದು ಕೊಡ್ರಿ. ಬಾಯಿ ಮಾತು ಗಾಳಿಗಿ ಹೋಗ್ತದ."

ಅವಳ ಕಟ್ಟೆಯ ಮೇಲೆ ಕುಳಿತೇ ಬರೆದೆ. ಮೂರು ಪುಟ ಬೈದು ಬರೆದವನಿಗೆ ಅರ್ಧ ಪುಟ ತಪ್ಪೊಪ್ಪಿಗೆ ಬರೆಯಲು ಎರಡು ತಾಸು ಹಿಡಿಯಿತು. ಓದಿ ಹೇಳಿದೆ. "ಅವರ ಹೆಸರು ಒಂದೇ ಸಲ ಅದಲ್ಲ. ಹಳೇ ಅರ್ಜ್ಯಾಗ ಎಷ್ಟು ಸಲ ಇತ್ತು?" ಎಂದು ಕೇಳಿದಳು. ಅದರಲ್ಲಿ ನಾಲ್ಕು ಸಲ ಇತ್ತು. ಇದರಲ್ಲೂ ನಾಲ್ಕು ಸಲ ಬರೆಸಿದಳು.

ಇಂಜಿನಿಯರ್ ಶುಕ್ರವಾರ ಬಂದರು. ವಾರಂಗಲ್ ಕಡೆಯ ತೆಲುಗಿನವರು, ಹೆಚ್ಚು ಮಾತಿಲ್ಲ. ಊರು ಅರ್ಧ ಅಂಗಳದಲ್ಲಿ ನಿಂತಿತ್ತು. ಅವರು ಏಣಿ ಇಡಿಸಿ ಕಮಾನಿನ ಹತ್ತಿರ ಹತ್ತಿದರು. ಬಹಳ ಹೊತ್ತು ಇಳಿಯಲಿಲ್ಲ. ನನ್ನ ಕಾಗದ ನನ್ನ ಕೈಯಲ್ಲಿ ಒದ್ದೆಯಾಗುತ್ತಿತ್ತು. ಅಂಬವ್ವ ಸೆರಗು ಬಾಯಿಗೆ ಹಿಡಿದು ಗೋಡೆಯನ್ನೇ ನೋಡುತ್ತಿದ್ದಳು. ಆ ಗೋಡೆ ಕೆಡವಿದರೆ ಶಿವರಾಯ ಎರಡನೇ ಸಲ ಹೋದ ಹಾಗೆ ಎಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ಕೊನೆಗೆ ಮೇಲಿನಿಂದಲೇ ಅವರು ತೆಲುಗಿನಲ್ಲಿ ಕೇಳಿದರು, ಇಲ್ಲಿ ಗಾಜು ಹಚ್ಚಿದವರು ಯಾರು ಎಂದು. ಸುಣ್ಣದ ಎರಡು ಉಂಡೆಗಳಲ್ಲಿ ಹಸಿರು ಚೂರು ಇನ್ನೂ ಕಚ್ಚಿಕೊಂಡಿದ್ದವು. ಜನರೆಲ್ಲ ಅಂಬವ್ವನ ಕಡೆ ನೋಡಿದರು. ಅವರು ಇಳಿದು ಬಂದು, ಎಷ್ಟು ದಿನಕ್ಕೊಮ್ಮೆ ನೋಡುತ್ತಿದ್ದಿರಿ ಎಂದು ಕೇಳಿದರು. ಅಂಬವ್ವ ತೆಲುಗು ಕನ್ನಡ ಎರಡೂ ಬೆರೆಸಿ ಹೇಳಿದಳು, ದಿನಾ ಮುಂಜಾನೆ ಕಸ ಹೊಡೆಯುವಾಗ ಎಂದು. ಅವರು ಚೀಲದಿಂದ ಬೆರಳಗಲದ ಒಂದು ಗಾಜಿನ ಪಟ್ಟಿ ತೆಗೆದು ಅವಳ ಅಂಗೈಯಲ್ಲಿಟ್ಟರು. ನಾವೂ ಇದನ್ನೇ ಮಾಡುತ್ತೇವಮ್ಮ, ಆದರೆ ತಿಂಗಳಿಗೊಮ್ಮೆ ನೋಡುತ್ತೇವೆ ಎಂದರು. ಗೋಡೆ ಇಲ್ಲದಿದ್ದರೆ ಕಮಾನಿನ ಜೊತೆ ಹಜಾರ ಪೂರ್ತಿ ಕುಳಿತುಬಿಡುತ್ತಿತ್ತು. ಇದನ್ನು ಮುಟ್ಟಬಾರದು ಎಂದು ಎಲ್ಲರ ಮುಂದೆ ಹೇಳಿ, ಹಾಗೆಯೇ ಬರೆದುಕೊಂಡರು. ಕಟ್ಟಿದವರ ಹೆಸರೂ ಕೇಳಿ ಬರೆದುಕೊಂಡರು. ನನ್ನ ಕಾಗದ ಓದಿ, ಹಳೆಯ ಅರ್ಜಿಯ ಭಾಷೆ ಇದಕ್ಕಿಂತ ಚೆನ್ನಾಗಿತ್ತು ಎಂದರು. ಕಡತಕ್ಕೆ ಸೇರಿಸಿದರು.

ಎದೆಯ ಮೇಲಿನ ಫರ್ಸಿ ಇಳಿದಂತಾಯಿತು. ಅಂಬವ್ವ ಗಾಜಿನ ಪಟ್ಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಬಣ್ಣನೇ ಇಲ್ಲ ಇದಕ್ಕ," ಎಂದಳು.

ಈಗ ತರಗತಿ ಶಾಲೆಯ ಪಡಸಾಲೆಯಲ್ಲಿ. ಮೊದಲ ಭಾನುವಾರ ಅದೇ ಪಾಠ ಮತ್ತೆ ತೆಗೆದುಕೊಂಡೆ. ಮೇಜು ಗುದ್ದಲಿಲ್ಲ. ಬ್ರಿಟನ್ನಿನಲ್ಲಿ ಮರೆತದ್ದು ಮರೆತದ್ದೇ, ಅದನ್ನು ಅಲ್ಲಗಳೆಯಲಾಗದು ಎಂದೆ. ಆದರೆ ಎಲ್ಲ ಕಡೆಯೂ ವಿದ್ಯೆ ಸತ್ತಿತು ಎಂದು ಬರೆದವರು, ಅದು ಯಾರ ಕೈಯಲ್ಲಿ ಉಳಿದಿತ್ತೋ ಅವರನ್ನು ಕೇಳಿರಲಾರರು ಎಂದೆ. ಕಚೇರಿ ಮುಚ್ಚಿರಬಹುದು, ದೊರೆ ಬದಲಾಗಿರಬಹುದು. ಬಿದ್ದ ಮರುದಿನ ಮುಂಜಾನೆ ಯಾರೋ ಒಬ್ಬಳು ಕಸ ಹೊಡೆಯುತ್ತ ಗೋಡೆಯ ಕಡೆ ನೋಡಿರಬೇಕು, ಹೊಸ ಊರು ಶುರುವಾದದ್ದು ಅಲ್ಲಿಂದ ಎಂದೆ. ಪುಸ್ತಕದಲ್ಲಿ ಹಾಗಿಲ್ಲ, ಪರೀಕ್ಷೆಯಲ್ಲಿ ಬರೆಯಬೇಡಿ ಎಂದೂ ಸೇರಿಸಿದೆ.

ಸಂಗಪ್ಪ ಹಿಂದಿನ ಬೆಂಚಿನಿಂದ ಹೇಳಿದ: "ಅಂದ್ರ ಬಸ್ ಬಂದಿತ್ತು."

ಬಂದಿತ್ತು ಎಂದೆ. ನವಾಬನ ರಾಜ್ಯ ಹೋದ ದಿನ ನಮ್ಮ ಎಮ್ಮೆ ಈದಿತ್ತು ಎಂಬುದನ್ನೂ ಈಗ ಬರೆದಿಟ್ಟುಕೊಂಡಿದ್ದೇನೆ.

ನಮ್ಮ ಜಹೀರಾಬಾದಿನ ಬಾಡಿಗೆ ಮನೆಯಲ್ಲಿ ಪುಸ್ತಕದ ಕಪಾಟಿನ ಮೇಲೆ ಒಂದು ಬಿರುಕಿದೆ. ಮನೆ ಮಾಲೀಕರು ಅದು ಬರಿ ಬಣ್ಣದ ಬಿರುಕು ಎನ್ನುತ್ತಾರೆ. ನಾನು ಹೆಂಡತಿಯ ಕೈಯನ್ನೇ ನೋಡುತ್ತಿದ್ದೆ. "ನನ್ನ ಬಳಿ ಮ್ಯಾಲ ಯಾಕ್ರಿ ಕಣ್ಣು?" ಎಂದು ಅವಳು ಸೆರಗಿನಲ್ಲಿ ಕೈ ಮುಚ್ಚಿಕೊಂಡು ತಿರುಗುತ್ತಿದ್ದಳು. ಪಾತ್ರೆ ತಿಕ್ಕುವಾಗ ತಾನಾಗಿಯೇ ಒಂದು ಒಡೆದ ದಿನ, ಅರ್ಧ ಚೂರನ್ನು ತಂದು ನನ್ನ ಮೇಜಿನ ಮೇಲಿಟ್ಟಳು. ಕೆಂಪು ಬಳೆ. ಅದನ್ನು ಹಚ್ಚಲು ನನಗೆ ಬರಲಿಲ್ಲ. ಎರಡು ಸಲ ಜಾರಿ ಬಿತ್ತು. ಸುಣ್ಣದ ಹದ ಕೇಳಲು ಅಂಬವ್ವನಿಗೆ ಫೋನ್ ಮಾಡಬೇಕಾಯಿತು. ಮೂರನೇ ಸಲ ಅದು ಕೂತಿತು.

ಈಗ ಬೆಳಗಾಗೆದ್ದು ಮೊದಲು ಅಲ್ಲಿಗೆ ಹೋಗಿ ನಿಲ್ಲುತ್ತೇನೆ. ಹೆಂಡತಿ ಅಡಿಗೆಮನೆಯಿಂದಲೇ ಕೇಳುತ್ತಾಳೆ, "ಏನಂತದ ಗ್ವಾಡಿ?"

"ಏನೂ ಅನ್ನವಲ್ದು," ಎನ್ನುತ್ತೇನೆ. "ಚಹಾ ಮಾಡು."